ರಿಟೈರ್ ಆದವರಿಗೆ ರ‍್ಯಾಕೆಟ್ ಗಟ್ಟಿಂಗ್: ಯಂತ್ರ, ಲೆಕ್ಕ, ಎಡವಟ್ಟು

1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಾಗ ಹುಮ್ಮಸ್ಸಿಗೆ ಬಿದ್ದು ರ‍್ಯಾಕೆಟ್ ಹಿಡಿದ ಬೆಂಗಳೂರಿನ ಹುಡುಗರು ಈಗ ಅರವತ್ತು ದಾಟಿದ್ದಾರೆ. ಅವರಲ್ಲಿ ಎಷ್ಟೋ ಜನ ಇವತ್ತಿಗೂ ಬೆಳಿಗ್ಗೆ ಆರಕ್ಕೆ ಕೋರ್ಟಿನಲ್ಲಿರುತ್ತಾರೆ. ಪೆನ್ಷನ್ ಜೊತೆಗೆ ಈ ಆಟದಿಂದಲೇ ನಾಲ್ಕು ಕಾಸು ಬರುವ ಹಾಗೆ ಮಾಡಿಕೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಗಟ್ಟಿಂಗ್, ಅಂದರೆ ರ‍್ಯಾಕೆಟ್‌ಗೆ ಗಟ್ (ನೈಲಾನ್ ದಾರ) ಹಾಕಿ ಬಿಗಿಯುವ ಕೆಲಸ ಕಲಿಯಿರಿ.

ಕೋಚಿಂಗ್ ಯಾಕೆ ಬೇಡ ಅಂದರೆ, ಮಕ್ಕಳಿಗೆ ಒಂದರ ಹಿಂದೆ ಒಂದು ಶಟಲ್ ಎಸೆಯುತ್ತಾ ಎರಡು ಗಂಟೆ ನಿಲ್ಲೋದು ಮಂಡಿಗೂ ಭುಜಕ್ಕೂ ಆಗಿಬರಲ್ಲ. ಜೊತೆಗೆ ಕೋರ್ಟ್ ಬಾಡಿಗೆ, ಶಟಲ್ ಖರ್ಚು, ಅಪ್ಪ ಅಮ್ಮಂದಿರ ತಗಾದೆ. ಅಂಪೈರಿಂಗ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಗಟ್ಟಿಂಗ್ ಹಾಗಲ್ಲ. ಮನೆಯಲ್ಲೇ, ಒಂದು ಕಿಟಕಿ ಪಕ್ಕ, ನಮಗೆ ಬೇಕಾದ ಹೊತ್ತಿಗೆ ಮಾಡುವ ಕೆಲಸ. ಇವತ್ತು ಸುಸ್ತು ಅನ್ನಿಸಿದರೆ ನಾಳೆ ಕೊಡ್ತೀನಿ ಅನ್ನಬಹುದು. ಆಡಿದ ಅನುಭವವೂ ಇಲ್ಲಿ ವ್ಯರ್ಥವಾಗಲ್ಲ: ಯಾರ ಕೈಗೆ ಎಷ್ಟು ಪೌಂಡ್ ಬಿಗಿ ಸರಿ ಅನ್ನೋದು ಅಂಗಡಿ ಹುಡುಗನಿಗಿಂತ ಮೂವತ್ತು ವರ್ಷ ಆಡಿದವರಿಗೆ ಚೆನ್ನಾಗಿ ಗೊತ್ತಿರುತ್ತೆ.

ಯಂತ್ರದ ವಿಷಯ

ಗಟ್ಟಿಂಗ್ ಯಂತ್ರಗಳಲ್ಲಿ ಮೂರು ಜಾತಿ. ಮೊದಲನೆಯದು ಡ್ರಾಪ್ ವೆಯ್ಟ್. ಒಂದು ಸರಳಿನ ತುದಿಯಲ್ಲಿ ತೂಕ ಇರುತ್ತೆ, ಸರಳು ಕೆಳಗಿಳಿದಾಗ ಗಟ್ ಬಿಗಿಯಾಗುತ್ತೆ. ಸರಳು ನೆಲಕ್ಕೆ ಸಮನಾಗಿ ಅಡ್ಡ ನಿಂತಾಗ ಮಾತ್ರ ಹೇಳಿದಷ್ಟು ಪೌಂಡ್. ಹತ್ತು ಡಿಗ್ರಿ ಮೇಲೋ ಕೆಳಗೋ ನಿಂತರೆ ಸುಮಾರು ಶೇಕಡಾ ಒಂದೂವರೆ ಕಡಿಮೆಯಾಗುತ್ತೆ, ಅಂದರೆ 24 ಪೌಂಡಿನಲ್ಲಿ ಅರ್ಧ ಪೌಂಡಿಗೂ ಕಡಿಮೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಇಪ್ಪತ್ತು ಡಿಗ್ರಿ ಆದರೆ ಬಿಚ್ಚಿ ಮತ್ತೆ ಎಳೆಯಿರಿ. ಈ ಯಂತ್ರ ಅಗ್ಗ, ಕೆಡೋದಕ್ಕೆ ಏನೂ ಇಲ್ಲ, ಆದರೆ ನಿಧಾನ.

ಎರಡನೆಯದು ಹಿಡಿ ತಿರುಗಿಸುವ ಕ್ರ್ಯಾಂಕ್ ಯಂತ್ರ. ಒಳಗಿನ ಸ್ಪ್ರಿಂಗ್ ಹೇಳಿದ ಪೌಂಡ್ ಮುಟ್ಟಿದ ಕೂಡಲೇ ಟಕ್ ಅಂತ ಲಾಕ್ ಆಗುತ್ತೆ. ಲಾಕ್ ಆದಮೇಲೂ ಗಟ್ ಸ್ವಲ್ಪ ಹಿಗ್ಗುತ್ತೆ, ಯಂತ್ರ ಅದನ್ನು ಮತ್ತೆ ಎಳೆಯಲ್ಲ. ಹಾಗಾಗಿ ಅದೇ 24 ಇಲ್ಲಿ ಒಂದೆರಡು ಪೌಂಡ್ ಸಡಿಲ ಅನ್ನಿಸುತ್ತೆ. ಮೂರನೆಯದು ಎಲೆಕ್ಟ್ರಾನಿಕ್: ಗಟ್ ಹಿಗ್ಗಿದಷ್ಟೂ ಮೋಟಾರು ಎಳೆಯುತ್ತಲೇ ಇರುತ್ತೆ. ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಯಂತ್ರದಲ್ಲಿ 24 ಹಾಕಿಸಿಕೊಂಡು ಅಭ್ಯಾಸ ಇದ್ದವರಿಗೆ ನಿಮ್ಮ ಕ್ರ್ಯಾಂಕಿನ 24 ಸಪ್ಪೆ ಅನ್ನಿಸಿದರೆ ತಪ್ಪು ನಿಮ್ಮದೂ ಅಲ್ಲ, ಅವರದೂ ಅಲ್ಲ. ಮುಂದಿನ ಸಲ ಒಂದು ಪೌಂಡ್ ಹೆಚ್ಚಿಸಿ, ಪುಸ್ತಕದಲ್ಲಿ ಬರೆದಿಡಿ.

ನನ್ನ ಅಭಿಪ್ರಾಯದಲ್ಲಿ ಶುರು ಮಾಡುವವರಿಗೆ ಡ್ರಾಪ್ ವೆಯ್ಟ್ ಸಾಕು. ಆದರೆ ಎರಡು ವಿಷಯದಲ್ಲಿ ಜಿಪುಣತನ ಬೇಡ. ಒಂದು, ಫ್ರೇಮನ್ನು ಆರು ಕಡೆ ಹಿಡಿಯುವ ಯಂತ್ರವೇ ಬೇಕು. ಮೇಲೆ ಕೆಳಗೆ ಎರಡೇ ಕಡೆ ಹಿಡಿಯುವ ಯಂತ್ರದಲ್ಲಿ ಉದ್ದದ ಎಳೆಗಳನ್ನು ಬಿಗಿದಾಗ ಫ್ರೇಮ್ ಗಿಡ್ಡವಾಗಿ ಪಕ್ಕಕ್ಕೆ ಉಬ್ಬುತ್ತೆ, ಕಾರ್ಬನ್ ಒಳಗೊಳಗೇ ಬಿರಿಯುತ್ತೆ. ಎರಡು, ಬಿಗಿದ ಎಳೆ ಸಡಿಲವಾಗದ ಹಾಗೆ ಕಚ್ಚಿ ಹಿಡಿಯುವ ಕ್ಲ್ಯಾಂಪುಗಳು ಯಂತ್ರಕ್ಕೇ ಕೂರಿಸಿದವಾಗಿರಲಿ. ಬಿಡಿ ಕ್ಲ್ಯಾಂಪುಗಳು ಪೌಂಡ್ ಏರಿದ ಹಾಗೆ ಜಾರುತ್ತವೆ, ಜಾರಿದ್ದು ಗೊತ್ತಾಗೋ ಹೊತ್ತಿಗೆ ಮೂರು ಎಳೆ ಮುಂದೆ ಹೋಗಿರುತ್ತೀರಿ.

ಎಲೆಕ್ಟ್ರಾನಿಕ್ ತಗೊಂಡರೆ ಜೊತೆಗೆ ಒಂದು ಚಿಕ್ಕ ಯುಪಿಎಸ್ ಇರಲಿ. ಮಳೆಗಾಲದ ಸಂಜೆ ಕರೆಂಟ್ ಹೋಗೋದು ಬೆಂಗಳೂರಿನಲ್ಲಿ ಹೊಸದೇನಲ್ಲ. ಉದ್ದದ ಎಳೆ ಮುಗಿದು ಅಡ್ಡ ಎಳೆ ಅರ್ಧಕ್ಕೆ ನಿಂತರೆ ಫ್ರೇಮ್ ವಾರೆಯಾದ ಒತ್ತಡದಲ್ಲೇ ಗಂಟೆಗಟ್ಟಲೆ ಕೂತಿರುತ್ತೆ.

ಬಿಡಿ ಸಾಮಾನು ಜಾಸ್ತಿ ಬೇಡ: ಚೂಪು ಕತ್ತರಿ, ಉದ್ದ ಮೂತಿಯ ಇಕ್ಕಳ, ದಬ್ಬಳದಂಥ ಒಂದು ಸೂಜಿ, ಮೊದಲ ಎಳೆಯ ತುದಿ ಹಿಡಿಯೋಕೆ ಒಂದು ಸ್ಟಾರ್ಟಿಂಗ್ ಕ್ಲ್ಯಾಂಪ್, ಫ್ರೇಮಿನ ತೂತಿಗೆ ಹಾಕುವ ಪುಟ್ಟ ಪ್ಲಾಸ್ಟಿಕ್ ಕೊಳವೆ ಅಂದರೆ ಬಿಡಿ ಗ್ರಾಮೆಟ್‌ಗಳು, ಕೊಕ್ಕೆಯಿರುವ, ತೂಗುಹಾಕುವ ಡಿಜಿಟಲ್ ತಕ್ಕಡಿ. ಎಸ್‌.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಇಕ್ಕಳ, ಕತ್ತರಿ, ತಕ್ಕಡಿ ಮೂರೂ ಸಿಗುತ್ತವೆ. ಸೂಜಿಯ ಮೊನೆ ಮೊಂಡಾಗಿರಬೇಕು. ಎರಡು ಎಳೆ ಹೋಗುವ ತೂತನ್ನು ಅಗಲ ಮಾಡೋಕೆ ಅದನ್ನು ಬಳಸೋದು, ಚೂಪಿದ್ದರೆ ಮೊದಲೇ ಇರುವ ಎಳೆಗೆ ಚುಚ್ಚುತ್ತೆ. ಆ ಎಳೆ ಅಲ್ಲೇ ತುಂಡಾಗಲ್ಲ, ಮೂರನೇ ದಿನ ಗಿರಾಕಿ ಸ್ಮ್ಯಾಶ್ ಹೊಡೆದಾಗ ತುಂಡಾಗುತ್ತೆ. ತಕ್ಕಡಿ ಇರೋದು ಯಂತ್ರ ಪರೀಕ್ಷೆ ಮಾಡೋಕೆ. 22 ಪೌಂಡ್ ಅಂದರೆ ಹತ್ತು ಕೆ.ಜಿ.ಗೆ ಒಂದು ಕೂದಲೆಳೆ ಕಡಿಮೆ. ಯಂತ್ರಕ್ಕೂ ಕ್ಲ್ಯಾಂಪಿಗೂ ನಡುವೆ ತಕ್ಕಡಿ ಸಿಕ್ಕಿಸಿ ಎಳೆಸಿ ನೋಡಿ. ವಾರಕ್ಕೊಮ್ಮೆ ಇದನ್ನು ಮಾಡದವರ ಕೈಲಿ ಯಂತ್ರ ಯಾವಾಗ ದಾರಿ ತಪ್ಪಿತು ಅಂತಲೇ ಗೊತ್ತಾಗಲ್ಲ.

ಕೆಲಸ ನಡೆಯೋದು ಹೀಗೆ

ರ‍್ಯಾಕೆಟ್ ಕೈಗೆ ಬಂದ ಕೂಡಲೇ ಹಳೆ ಗಟ್ ಕತ್ತರಿಸೋಕೆ ಹೋಗಬೇಡಿ. ಮೊದಲು ಎರಡೂ ಕಡೆಯಿಂದ ಫೋಟೊ. ಯಾವ ತೂತಿನಲ್ಲಿ ಉದ್ದದ ಎಳೆ ಹೋಗುತ್ತೆ, ಎಲ್ಲಿ ತೂತು ಬಿಟ್ಟು ಮುಂದೆ ಹಾರುತ್ತೆ, ಗಂಟು ಯಾವ ತೂತಿನಲ್ಲಿ ಅನ್ನೋದು ಫ್ರೇಮಿನಿಂದ ಫ್ರೇಮಿಗೆ ಬೇರೆ. ಈಗಿನ ರ‍್ಯಾಕೆಟ್‌ಗಳಲ್ಲಿ ಹೆಚ್ಚಿನವಕ್ಕೆ 72 ಅಥವಾ 76 ತೂತು. ಗಿರಾಕಿ ಮೊದಲೇ ಕತ್ತರಿಸಿ ತಂದಿದ್ದರೆ ಗ್ರಾಮೆಟ್‌ಗಳ ಮೇಲೆ ಬಿದ್ದ ಗೀರು ನೋಡಿ ಲೆಕ್ಕ ಹಾಕಬೇಕು.

ಆಮೇಲೆ ಫ್ರೇಮಿನ ಸುತ್ತ ಹೆಬ್ಬೆರಳ ಉಗುರು ಆಡಿಸಿ. ಬಣ್ಣ ಮಾತ್ರ ಹೋಗಿದ್ದರೆ ಉಗುರು ಜಾರಿಕೊಂಡು ಹೋಗುತ್ತೆ, ಕಾರ್ಬನ್ ಬಿರಿದಿದ್ದರೆ ಸಿಕ್ಕಿಕೊಳ್ಳುತ್ತೆ. ಗಡಿಯಾರದ ಹತ್ತು ಗಂಟೆ, ಎರಡು ಗಂಟೆ ಜಾಗದಲ್ಲಿ ಮೈಯೆಲ್ಲ ಕಣ್ಣಾಗಿರಿ. ಡಬಲ್ಸ್‌ನಲ್ಲಿ ಜೊತೆಗಾರನ ರ‍್ಯಾಕೆಟ್‌ಗೆ ಬಡಿಯೋದು ಅಲ್ಲೇ. ಎರಡೂ ಕೈಯಿಂದ ಫ್ರೇಮಿನ ತಲೆಯನ್ನು ಮೆಲ್ಲಗೆ ಒತ್ತಿದಾಗ ಚಿಟ್ ಅಂತ ಸದ್ದು ಬಂದರೆ ಆ ರ‍್ಯಾಕೆಟ್ ವಾಪಸ್ ಕೊಡಿ. ಎಷ್ಟು ಬೇಡಿಕೊಂಡರೂ ಹಾಕಬೇಡಿ.

ಹಳೆ ಗಟ್ ಇನ್ನೂ ಬಿಗಿಯಾಗಿದ್ದರೆ ನಡುವಿನಿಂದ ಶುರು ಮಾಡಿ ಹೊರಗಡೆಗೆ, ಉದ್ದ ಅಡ್ಡ ಎರಡನ್ನೂ ಸಮವಾಗಿ ಕತ್ತರಿಸುತ್ತಾ ಬನ್ನಿ. ಒಂದು ಪಕ್ಕ ಮಾತ್ರ ಕತ್ತರಿಸಿದರೆ ಇನ್ನೊಂದು ಪಕ್ಕದ ಬಿಗಿ ಫ್ರೇಮನ್ನು ಸೊಟ್ಟ ಎಳೆಯುತ್ತೆ. ಗಟ್ ಹರಿದ ರ‍್ಯಾಕೆಟನ್ನು ವಾರಗಟ್ಟಲೆ ಹಾಗೇ ಬ್ಯಾಗಿನಲ್ಲಿಟ್ಟುಕೊಳ್ಳುವವರಿಗೂ ಇದೇ ಮಾತು ಹೇಳಿ: ಹರಿದ ಕೂಡಲೇ ಕೋರ್ಟಿನಲ್ಲೇ ಉಳಿದದ್ದನ್ನೂ ಕತ್ತರಿಸಿ ತನ್ನಿ ಅಂತ.

ಒಡೆದ, ಗಟ್ಟಿ ಕಳೆದುಕೊಂಡ ಗ್ರಾಮೆಟ್‌ಗಳನ್ನು ಈಗಲೇ ಬದಲಿಸಿ. ಒಂದು ರ‍್ಯಾಕೆಟ್‌ಗೆ ನಾಲ್ಕೈದು ಬದಲಿಸಬೇಕಾಗಿ ಬರೋದು ಸಾಮಾನ್ಯ. ಬದಲಿಸದೆ ಬಿಟ್ಟರೆ ಗಟ್ ನೇರವಾಗಿ ಕಾರ್ಬನ್ ಅಂಚಿಗೆ ಉಜ್ಜಿ ಹರಿಯುತ್ತೆ, ಬೈಗುಳ ನಿಮಗೆ.

ಒಂದು ಪ್ಯಾಕೆಟ್ ಗಟ್ ಹತ್ತು ಮೀಟರ್. ಎರಡು ತುಂಡಿನಲ್ಲಿ ಹಾಕೋದಾದರೆ ಉದ್ದದ ಎಳೆಗೆ ಸುಮಾರು 5.3 ಮೀಟರ್, ಅಡ್ಡಕ್ಕೆ 4.7. ಉದ್ದದ ಎಳೆಗಳ ಸಂಖ್ಯೆ 22, ಅಡ್ಡದವು 21 ಅಥವಾ 22. ಫ್ರೇಮನ್ನು ಕೂರಿಸುವಾಗ ಪಕ್ಕದ ಆಸರೆಗಳು ಫ್ರೇಮನ್ನು ಮುಟ್ಟಿದರೆ ಸಾಕು, ಅದುಮಬಾರದು. ಉದ್ದದ ಎಳೆ ನಡುವಿನಿಂದ ಶುರು. ಎಡಕ್ಕೆರಡು, ಬಲಕ್ಕೆರಡು, ಹೀಗೆ ಸಮವಾಗಿ. ಒಂದು ಪಕ್ಕ ಮೂರಕ್ಕಿಂತ ಹೆಚ್ಚು ಎಳೆ ಮುಂದೆ ಹೋಗಲೇಬೇಡಿ. ಗಂಟು ಹಾಕುವ ಮೊದಲಿನ ಕೊನೇ ಎಳೆಯನ್ನು ಎರಡು ಪೌಂಡ್ ಹೆಚ್ಚಿಗೆ ಎಳೆಯಬೇಕು, ಗಂಟು ಕೂರುವಾಗ ಅಷ್ಟು ಸಡಿಲ ಆಗೇ ಆಗುತ್ತೆ. ಗಂಟನ್ನು ಇಕ್ಕಳದಿಂದ ಜಗ್ಗಿ ಬಿಗಿಯಬೇಡಿ, ಕೈಯಲ್ಲೇ ನಿಧಾನವಾಗಿ ಎಳೆದು ಗ್ರಾಮೆಟಿನ ಮೇಲೆ ಕೂರಿಸಿ.

ಅಡ್ಡ ಎಳೆ ಕೆಳಗಿನಿಂದ ಮೇಲಕ್ಕೆ. ಉದ್ದಕ್ಕೆ 24 ಆದರೆ ಅಡ್ಡಕ್ಕೆ 26. ಉದ್ದದ ಎಳೆಗಳ ಬಿಗಿಗೆ ಗಿಡ್ಡವಾಗಿದ್ದ ಫ್ರೇಮನ್ನು ಮತ್ತೆ ತನ್ನ ಆಕಾರಕ್ಕೆ ತರೋದು ಈ ಎರಡು ಪೌಂಡ್. ಹೊಸಬರು ಎಡವೋದು ಹೆಣಿಗೆಯಲ್ಲಿ. ಒಂದು ಮೇಲೆ, ಒಂದು ಕೆಳಗೆ ಅಂತ ನೇಯುತ್ತಾ ಹೋಗುವಾಗ ಎಲ್ಲೋ ಒಂದು ಕಡೆ ಎರಡು ಎಳೆ ಒಟ್ಟಿಗೆ ದಾಟಿಬಿಡುತ್ತೆ, ನಾಲ್ಕು ಸಾಲು ಆದಮೇಲೆ ಕಣ್ಣಿಗೆ ಬೀಳುತ್ತೆ. ಪ್ರತಿ ಸಾಲು ಬಿಗಿಯುವ ಮೊದಲು ಒಂದು ಸಲ ಬೆರಳಾಡಿಸಿ. ಯಂತ್ರದ ಕೆಳಗೆ ಬಿಳಿ ಪಂಚೆ ತುಂಡೊಂದನ್ನು ಹಾಸಿ, ಪಕ್ಕದಿಂದ ಟೇಬಲ್ ದೀಪ ಬಿಡಿ. ಅರವತ್ತರ ಕಣ್ಣಿಗೆ ಕಪ್ಪು ಫ್ರೇಮಿಗೆ ಕಪ್ಪು ಗಟ್ ಹಾಕೋದು ಹಗಲು ಬೆಳಕಿನಲ್ಲೇ ಆಗಬೇಕು.

ಇನ್ನೊಂದು ತೊಂದರೆ, ಉಜ್ಜಿ ಸುಟ್ಟುಕೊಳ್ಳೋದು. ಅಡ್ಡ ಎಳೆಯ ಉದ್ದ ಬಾಲವನ್ನು ಸರಕ್ಕನೆ ಎಳೆದರೆ ನೈಲಾನ್ ಉದ್ದದ ಎಳೆಯ ಒಂದೇ ಜಾಗಕ್ಕೆ ಉಜ್ಜಿ ಬಿಸಿಯಾಗಿ ಮೇಲಿನ ಪದರ ಕೀಳುತ್ತೆ. 0.70 ಮಿ.ಮೀ. ದಪ್ಪದ, ಯೋನೆಕ್ಸ್ ಕಂಪನಿಯ ಬಿಜಿ 65 ಗಟ್ ತಡೆದುಕೊಳ್ಳುತ್ತೆ. 0.65ರ ಬಿಜಿ 66 ಅಲ್ಟಿಮ್ಯಾಕ್ಸ್ ತಡೆಯಲ್ಲ. ಎಳೆಯುವಾಗ ಕೈಯನ್ನು ಬೀಸಣಿಗೆ ಬೀಸಿದ ಹಾಗೆ ಮೇಲೆ ಕೆಳಗೆ ಆಡಿಸುತ್ತಾ ಎಳೆದರೆ ಉಜ್ಜುವ ಜಾಗ ಬದಲಾಗುತ್ತಾ ಇರುತ್ತೆ. ಕ್ಲ್ಯಾಂಪಿನ ಹಲ್ಲಿಗೆ ಬಿಳಿ ಪುಡಿ ಅಂಟಿದ್ದರೆ ಅದು ಗಟ್ಟಿನ ಲೇಪ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಒರೆಸದೆ ಕ್ಲ್ಯಾಂಪ್ ಜಾರಿತು ಅಂತ ಇನ್ನೂ ಬಿಗಿ ಮಾಡಿದರೆ ಗಟ್ ಅಲ್ಲೇ ಜಜ್ಜಿಹೋಗುತ್ತೆ.

ಕೊನೆಗೆ ಟೇಪ್ ಹಿಡಿದು ಫ್ರೇಮಿನ ತಲೆ ಉದ್ದ ಅಳೆಯಿರಿ. ಯಂತ್ರಕ್ಕೆ ಏರಿಸುವ ಮೊದಲು ಅಳೆದದ್ದಕ್ಕೂ ಈಗಿನದಕ್ಕೂ ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದಿದ್ದರೆ ಉದ್ದ ಅಡ್ಡದ ಲೆಕ್ಕ ತಪ್ಪಿದೆ ಅಂತಲೇ ಅರ್ಥ. ಮೊದಮೊದಲು ಒಂದು ರ‍್ಯಾಕೆಟ್‌ಗೆ ಎರಡು ಗಂಟೆ ಹಿಡಿಯುತ್ತೆ. ಕೈ ಪಳಗಿದಮೇಲೆ ನಲವತ್ತು ನಿಮಿಷ. ಅದಕ್ಕಿಂತ ಬೇಗ ಮಾಡುವ ಹಟ ಬೇಡ, ಅದು ಟೂರ್ನಮೆಂಟಿನಲ್ಲಿ ಕೂತು ಹಾಕುವವರ ತಲೆನೋವು. ಮೊದಲ ಇಪ್ಪತ್ತು ಗಟ್ಟಿಂಗ್ ನಿಮ್ಮ ಸ್ವಂತ ಹಳೆ ರ‍್ಯಾಕೆಟ್‌ಗಳ ಮೇಲೇ ಆಗಲಿ. 200 ಮೀಟರಿನ ಒಂದು ರೀಲ್ ಇಪ್ಪತ್ತು ರ‍್ಯಾಕೆಟ್‌ಗೆ ಸರಿಹೋಗುತ್ತೆ, ಅದನ್ನು ಕಲಿಕೆಯ ಫೀಸು ಅಂದುಕೊಳ್ಳಿ.

ಎಷ್ಟು ಪೌಂಡ್ ಅನ್ನೋ ಜಗಳ

ಗಿರಾಕಿ ಬಂದು “28 ಹಾಕಿ ಅಂಕಲ್” ಅನ್ನುತ್ತಾನೆ. ಟಿವಿಯಲ್ಲಿ ಆಡುವವರು ಅಷ್ಟು ಹಾಕಿಸಿಕೊಳ್ಳುತ್ತಾರೆ ಅಂತ ಕೇಳಿರುತ್ತಾನೆ. ಗಟ್ ಬಿಗಿಯಾದಷ್ಟೂ ಶಟಲ್ ಚೆನ್ನಾಗಿ ಚಿಮ್ಮುವ ನಡುಜಾಗ ಚಿಕ್ಕದಾಗುತ್ತೆ. ನಡುವಿಗೆ ಬೀಳದ ಹೊಡೆತ ಹಿಂದಿನ ಗೆರೆ ಮುಟ್ಟಲ್ಲ, ಮುಟ್ಟಿಸೋಕೆ ಹೋಗಿ ಮೊಣಕೈ ನೋವು ಶುರು. ಹೊಸಬರಿಗೆ 20ರಿಂದ 22, ವಾರಕ್ಕೆ ಮೂರ್ನಾಲ್ಕು ದಿನ ಆಡುವ ಕ್ಲಬ್ಬಿನವರಿಗೆ 23ರಿಂದ 25, ಕೈ ಚಳಕ ಇದ್ದು ಟೂರ್ನಮೆಂಟ್ ಆಡುವವರಿಗೆ 26ರಿಂದ 28. ನಮ್ಮ ವಯಸ್ಸಿನವರಿಗೆ 22 ಹಾಕಿ ಕೊಟ್ಟು “ಹೇಗಿದೆ ಸಾರ್” ಅಂತ ಕೇಳಿ, ಮತ್ತೆ ಮೇಲೆ ಹೋಗುವವರು ಕಡಿಮೆ.

ರ‍್ಯಾಕೆಟಿನ ಹಿಡಿಯ ಮೇಲ್ತುದಿಯ ಕೋನಿನ ಮೇಲೋ ಅದರ ಹತ್ತಿರದ ದಂಡದ ಮೇಲೋ ಕಂಪನಿ ಪೌಂಡಿನ ಮಿತಿಯನ್ನು ಅಚ್ಚು ಹಾಕಿರುತ್ತೆ. ಅದನ್ನು ದಾಟಿದರೆ ವಾರಂಟಿ ಹೋಯಿತು. ಆ ಮಿತಿಯ ಮೇಲೆ ಹಾಕಲ್ಲ ಅಂತ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ.

ಗಟ್ ಬೇಗ ಹೋಯಿತು ಅಂತ ಯಾರಾದರೂ ಜಗಳಕ್ಕೆ ಬಂದರೆ ಮಾತಿಗೆ ಮುಂಚೆ ಹರಿದ ಜಾಗ ನೋಡಿ. ಉದ್ದ ಅಡ್ಡ ಎಳೆ ದಾಟುವ ಕಡೆ ಕಚ್ಚು ಬಿದ್ದಿದ್ದು, ಹರಿದ ತುದಿ ಒಂದು ಪಕ್ಕ ಸವೆದು ನಾರು ನಾರಾಗಿದ್ದರೆ ಅದು ಆಡಿ ಆಡಿ ಸವೆದ ಗಟ್. ನಡುವೆ ಎಲ್ಲೂ ಕಚ್ಚಿಲ್ಲದೆ ಮೇಲಿನ ಅಂಚಿನ ಹತ್ತಿರ ಪಟ್ ಅಂತ ತುಂಡಾಗಿದ್ದರೆ ಶಟಲ್ ಫ್ರೇಮಿನ ಹತ್ತಿರ ಬಡಿದಿದೆ. ಗ್ರಾಮೆಟಿನ ಬಾಯಲ್ಲೇ ತುಂಡಾಗಿದ್ದರೆ ಅದು ನಿಮ್ಮ ತಪ್ಪು, ಎರಡು ಮಾತಿಲ್ಲದೆ ಕೂಲಿ ಬಿಟ್ಟು ಹಾಕಿಕೊಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ರ‍್ಯಾಕೆಟ್ ಇಟ್ಟು ಹೋಗುವವರ ಗಟ್ ಹರಿಯಲ್ಲ, ಸಡಿಲವಾಗುತ್ತೆ. ಅವರಿಗೂ ಹೇಳಿ ಕಳಿಸಿ.

ಫೋನಿನ ಆ್ಯಪ್ ಹಿಡಿದು “ನೀವು 24 ಹಾಕಿಲ್ಲ, 22 ತೋರಿಸ್ತಿದೆ” ಅನ್ನುವವರೂ ಬರುತ್ತಾರೆ. ಆ್ಯಪ್ ಕೇಳೋದು ಗಟ್ಟಿನ ಶ್ರುತಿ. ಅದೇ ಪೌಂಡಿಗೆ ತೆಳು ಗಟ್ಟಿನ ಶ್ರುತಿ ಮೇಲಿರುತ್ತೆ, ದಪ್ಪದ್ದು ಕೆಳಗೆ. ಗಟ್ಟಿನ ದಪ್ಪ ಸರಿಯಾಗಿ ಹಾಕದೆ ಅಳೆದರೆ ಬರೋ ಅಂಕಿಗೆ ಅರ್ಥವಿಲ್ಲ. ಮೇಲಾಗಿ ಹೊಸ ಗಟ್ ಮೊದಲ ದಿನವೇ ಒಂದಿಷ್ಟು ಇಳಿಯುತ್ತೆ.

ದುಡ್ಡಿನ ಲೆಕ್ಕ

ಯಂತ್ರ, ಸಾಮಾನು, ಮೊದಲ ರೀಲುಗಳು ಎಲ್ಲ ಸೇರಿ 50,000 ಹಾಕಿದಿರಿ ಅಂತ ಇಟ್ಟುಕೊಳ್ಳೋಣ. ಕೂಲಿ ಒಂದಕ್ಕೆ 150 ರೂಪಾಯಿ. ಗಟ್ಟಿನ ಮೇಲೆ ಒಂದಕ್ಕೆ 50 ಉಳಿಯಿತು ಅನ್ನಿ. ತಿಂಗಳಿಗೆ 40 ರ‍್ಯಾಕೆಟ್ ಬಂದರೆ 8,000, ಅದರಲ್ಲಿ ಪ್ರತಿ ರ‍್ಯಾಕೆಟ್‌ಗೆ 20ರಂತೆ 800 ರೂಪಾಯಿಯನ್ನು ಬೇರೆ ಡಬ್ಬಿಗೆ ಹಾಕಿ. ಮುರಿದ ಫ್ರೇಮಿನ ನಿಧಿ ಅದು. ಹತ್ತು ಸಾವಿರದ ರ‍್ಯಾಕೆಟ್ ನಿಮ್ಮ ಯಂತ್ರದ ಮೇಲೆ ಮುರಿಯೋ ದಿನ ಬಂದೇ ಬರುತ್ತೆ, ಆ ದಿನ ಪೆನ್ಷನ್ನಿಗೆ ಕೈ ಹಾಕಬಾರದು. ಉಳಿದದ್ದು 7,200, ಹಾಕಿದ ದುಡ್ಡು ಏಳು ತಿಂಗಳಿಗೆ ವಾಪಸ್. ಆದರೆ ಮೊದಲ ತಿಂಗಳೇ 40 ಬರಲ್ಲ. ಹತ್ತು ಬಂದರೆ ಅದೃಷ್ಟ. ಒಂದು ವರ್ಷಕ್ಕೆ ಅಸಲು ಕೈಗೆ ಬಂತು ಅಂದರೆ ಚೆನ್ನಾಗೇ ನಡೆಸಿದ್ದೀರಿ. ದಿನಕ್ಕೆ ಎರಡಕ್ಕಿಂತ ಹೆಚ್ಚು ಹಿಡಿಯಬೇಡಿ ಅನ್ನೋದು ನನ್ನ ಸಲಹೆ: ಬೆರಳ ತುದಿ ಗೀರಿ ಉರಿಯುತ್ತೆ, ಬಗ್ಗಿ ಬಗ್ಗಿ ಕತ್ತು ಹಿಡಿದುಕೊಳ್ಳುತ್ತೆ. ಮೇಜು ಸೊಂಟಕ್ಕಿಂತ ಒಂದು ಗೇಣು ಎತ್ತರ ಇದ್ದರೆ ನಿಂತೇ ಮಾಡಬಹುದು.

ರಸೀದಿ ಪುಸ್ತಕ ಕಡ್ಡಾಯ. ಹೆಸರು, ರ‍್ಯಾಕೆಟಿನ ಮಾಡೆಲ್, ಗಟ್, ಉದ್ದ ಅಡ್ಡ ಪೌಂಡ್, ತಾರೀಕು, ಮೊದಲೇ ಇದ್ದ ಗೀರು ಬಿರುಕು. ಗಿರಾಕಿ ಸಹಿ. ಹೀಗೆ ಬರೆದಿಟ್ಟರೆ ಮೂರು ತಿಂಗಳ ಮೇಲೆ “ಹಿಂದಿನ ಸಲದ್ದೇ ಹಾಕಿ” ಅಂತ ಬಂದವನಿಗೆ ನಿಜವಾಗಲೂ ಹಿಂದಿನ ಸಲದ್ದೇ ಹಾಕಿಕೊಡಬಹುದು. ಗಿರಾಕಿ ಕಟ್ಟಿಬೀಳೋದು ಇದಕ್ಕೇ, ಹತ್ತು ರೂಪಾಯಿ ಡಿಸ್ಕೌಂಟಿಗಲ್ಲ.

ವ್ಯವಹಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ ಕ್ಯೂಆರ್ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿ ಊರೆಲ್ಲ ಗುಲ್ಲಾದದ್ದು ನೆನಪಿರಬಹುದು. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಗಟ್ಟಿಂಗ್ ಅದರ ಹತ್ತಿರಕ್ಕೂ ಹೋಗಲ್ಲ. ಆದರೂ ಮಗ ಕಳಿಸಿದ ದುಡ್ಡು, ಬಾಡಿಗೆ, ಕೂಲಿ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋದರೆ ನಾಳೆ ಬಿಡಿಸಿ ಹೇಳೋದು ನಿಮಗೇ ಕಷ್ಟ. ಆದಾಯ ತೆರಿಗೆಯಲ್ಲಿ ಇದು ವ್ಯಾಪಾರದ ಆದಾಯ. ಅಂದಾಜು ಆದಾಯದ ಪದ್ಧತಿಯಲ್ಲಿ ಯುಪಿಐ, ಬ್ಯಾಂಕ್ ಮೂಲಕ ಬಂದದ್ದರ ಶೇಕಡಾ 6, ನಗದಿನ ಶೇಕಡಾ 8 ಲಾಭ ಅಂತ ತೋರಿಸಬಹುದು, ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಿ. ಪೆನ್ಷನ್ ಮಾತ್ರ ಇದ್ದಾಗ ತುಂಬುತ್ತಿದ್ದ ಫಾರ್ಮ್ ಇಲ್ಲಿ ನಡೆಯಲ್ಲ, ಸುಗಮ್ ಫಾರ್ಮ್ (ಐಟಿಆರ್-4) ಬೇಕು. ಹಿರಿಯರಿಗೆ ಮುಂಗಡ ತೆರಿಗೆ ಇಲ್ಲ ಅನ್ನೋ ರಿಯಾಯಿತಿ ವ್ಯಾಪಾರದ ಆದಾಯ ಇಲ್ಲದವರಿಗೆ ಮಾತ್ರ. ಹಳೆ, ಹೊಸ ತೆರಿಗೆ ಪದ್ಧತಿಗಳ ನಡುವೆ ವರ್ಷ ವರ್ಷ ಹಾರುವ ಸ್ವಾತಂತ್ರ್ಯವೂ ವ್ಯಾಪಾರ ಇದ್ದವರಿಗಿಲ್ಲ. ಶುರು ಮಾಡುವ ಮೊದಲೇ ಆಡಿಟರ್ ಹತ್ತಿರ ಒಂದು ಮಾತು ಕೇಳಿ.

ಗಿರಾಕಿ ಎಲ್ಲಿಂದ

ನೀವು ಆಡುವ ಕೋರ್ಟಿನಿಂದಲೇ. ಕನಕಪುರ ರಸ್ತೆಯಿಂದ ಯಲಹಂಕದವರೆಗೆ ಶೆಡ್ ಹಾಕಿದ ಒಳಾಂಗಣ ಕೋರ್ಟುಗಳಿಗೆ ಬರವಿಲ್ಲ, ಪ್ಲೇಯೋ ಆ್ಯಪಿನಲ್ಲಿ ಬುಕ್ ಮಾಡಿ ಬರುವ ಐಟಿ ಹುಡುಗರಿಗೆ ಹತ್ತಿರದಲ್ಲಿ ನಂಬಿಕೆಯ ಕೈ ಬೇಕು. ಕೋರ್ಟ್ ನೋಡಿಕೊಳ್ಳುವವರಿಗೆ ರ‍್ಯಾಕೆಟ್‌ಗೆ ಇಷ್ಟು ಅಂತ ಕೊಟ್ಟು, ಬೆಳಿಗ್ಗೆ ಆಟಕ್ಕೆ ಹೋದಾಗ ತಗೊಂಡು ಮಾರನೇ ದಿನ ಆಟಕ್ಕೆ ಹೋದಾಗ ಕೊಟ್ಟರೆ ಪೆಟ್ರೋಲ್ ಖರ್ಚೂ ಇಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರು ಅಸೋಸಿಯೇಷನ್ನಿಗೆ ಮೊದಲೇ ತಿಳಿಸಿ. ಹೊರಗಿನವರು ಗೇಟಿಗೆ ಬಂದು ನಿಲ್ಲೋದೇ ತಕರಾರಾಗೋದು.

ಗ್ರಿಪ್ ಸುತ್ತೋದನ್ನೂ ಕಲಿತಿಟ್ಟುಕೊಳ್ಳಿ, ಐದು ನಿಮಿಷದ ಕೆಲಸ. ಎಡಗೈಯವರಿಗೆ ಸುತ್ತುವ ದಿಕ್ಕು ಬೇರೆ, ಕೇಳಿ ಸುತ್ತಿ.

ಕೆಲಸದ ಏರಿಳಿತಕ್ಕೆ ಶಾಲೆಯ ಕ್ಯಾಲೆಂಡರೇ ಗತಿ. ಫೆಬ್ರವರಿ, ಮಾರ್ಚಿನಲ್ಲಿ ಪರೀಕ್ಷೆ, ಮಕ್ಕಳ ರ‍್ಯಾಕೆಟ್ ಬರೋದೇ ಇಲ್ಲ. ಆ ಬಿಡುವಿನಲ್ಲಿ ಯಂತ್ರ ಬಿಚ್ಚಿ ಒರೆಸಿ, ಕ್ಲ್ಯಾಂಪು ತೊಳೆದು, ತಕ್ಕಡಿ ಹಿಡಿದು ಪೌಂಡ್ ನೋಡಿ. ಏಪ್ರಿಲ್ ಬಂತು ಅಂದರೆ ಬೇಸಿಗೆ ಶಿಬಿರ, ಒಂದೇ ವಾರಕ್ಕೆ ಹದಿನೈದು ಇಪ್ಪತ್ತು ರ‍್ಯಾಕೆಟ್ ಒಟ್ಟಿಗೆ ಬಂದು ಬೀಳಬಹುದು. ಅವುಗಳಲ್ಲಿ ಅರ್ಧ, ಅಂಗಡಿಯಿಂದ ಗಟ್ ಹಾಕಿಯೇ ಬಂದ ಅಗ್ಗದ ಅಲ್ಯುಮಿನಿಯಂ ರ‍್ಯಾಕೆಟ್‌ಗಳು. ಅವಕ್ಕೆ 20ರ ಮೇಲೆ ಹಾಕಬೇಡಿ. ಹೊಸ ಗಟ್ಟಿನ ಖರ್ಚು ರ‍್ಯಾಕೆಟಿನ ಬೆಲೆಯ ಹತ್ತಿರಕ್ಕೆ ಬರುತ್ತೆ ಅಂತ ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳಿ. 0.70ರ ಗಟ್ಟಿನ ಎರಡು ರೀಲ್, ಒಂದು ನೂರು ಬಿಡಿ ಗ್ರಾಮೆಟ್ ಮಾರ್ಚ್ ಮುಗಿಯೋದರೊಳಗೆ ಬಿಲ್ಲು ಕೊಡುವ ಅಂಗಡಿಯಿಂದ ತರಿಸಿಟ್ಟುಕೊಳ್ಳಿ. ಬಿಲ್ಲಿಲ್ಲದ ಕಡೆ ಅಗ್ಗಕ್ಕೆ ಸಿಗುವ ನಕಲಿ ಗಟ್ ಕ್ಲ್ಯಾಂಪಿನ ಬಾಯಲ್ಲೇ ತುಂಡಾಗುತ್ತೆ.